ಗೋಡೆ ಮೇಲಿನ ಚಿತ್ರಕ್ಕೂ ಒಂದು ಬಿಲ್ ಇರಲಿ

ಎಲ್ಲರಿಗೂ ನಮಸ್ಕಾರ. ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ವಿವರಕ್ಕೆ ಹೋಗೋಣ. ಒಬ್ಬರೋ ಇಬ್ಬರೋ ಸೇರಿ ನಡೆಸುವ ಸಣ್ಣ ಬಟ್ಟೆ ಅಂಗಡಿಗಳಿರುತ್ತವಲ್ಲ, ಬೊಟಿಕ್ ಅಂತ ಕರೆಯುತ್ತೇವೆ. ಅಲ್ಲಿ ಈಗ ಸುತ್ತಮುತ್ತಲಿನ ಕಲಾವಿದರ ಕೆಲಸವನ್ನೂ ಇಡುತ್ತಿದ್ದಾರೆ. ನನಗೆ ಇದು ತುಂಬಾ ಖುಷಿಯ ವಿಷಯ. ಆದರೆ ಬಹಳ ಕಡೆ ಆ ಚಿತ್ರಗಳು ಪರದೆ, ಕನ್ನಡಿ, ಹೂಕುಂಡದ ಸಾಲಿಗೆ ಸೇರಿಹೋಗಿರುತ್ತವೆ. ಕೆಳಗೆ ಹೆಸರಿಲ್ಲ, ಬೆಲೆ ಇಲ್ಲ, ಯಾರನ್ನು ಕೇಳಬೇಕು ಅಂತ ಗೊತ್ತಿಲ್ಲ. ಹ್ಯಾಂಗರ್‌ನಲ್ಲಿರುವ ಅಂಗಿಗೆ ಬೆಲೆಚೀಟಿ ಇದೆ, ಕಳಿಸಿದವರ ಲೆಕ್ಕ ಇದೆ, ಮಾರಿದರೆ ಬಿಲ್ ಇದೆ. ಗೋಡೆಯ ಚಿತ್ರಕ್ಕೂ ಅಷ್ಟೂ ಇರಬೇಕು. ಇವತ್ತು ನಾನು ಹೇಳುವುದೆಲ್ಲ ಇದರ ಸುತ್ತಲೇ.

ಬಟ್ಟೆಯ ಅಂಗಡಿಯೇ ಯಾಕೆ ಅಂತ ಕೇಳಬಹುದು. ಗ್ಯಾಲರಿಗಳು ಇವೆಯಲ್ಲ? ಇವೆ. ಆದರೆ ಗ್ಯಾಲರಿಯ ಬಾಗಿಲು ದಾಟಲು ತುಂಬಾ ಜನಕ್ಕೆ ಹಿಂಜರಿಕೆ. ಒಳಗೆ ಹೋದರೆ ಏನಾದರೂ ಗೊತ್ತಿರಬೇಕು, ಗೊತ್ತಿರುವ ಹಾಗೆ ಮುಖ ಇಟ್ಟುಕೊಳ್ಳಬೇಕು, ಕೊಳ್ಳದೆ ಹೊರಗೆ ಬಂದರೆ ಯಾರಾದರೂ ಏನಾದರೂ ಅಂದುಕೊಂಡಾರು ಅನ್ನುವ ಭಯ. ಬಟ್ಟೆ ಅಂಗಡಿಯಲ್ಲಿ ಈ ಭಯ ಇಲ್ಲ. ಸುಮ್ನೆ ನೋಡಿಕೊಂಡು ಬರುವುದು ಅಲ್ಲಿ ಸಹಜ. ಮುಟ್ಟಿ ನೋಡುತ್ತೇವೆ, ಹಾಕಿ ನೋಡುತ್ತೇವೆ, ಬೇಡ ಅನ್ನಿಸಿದರೆ ವಾಪಸ್ ಇಟ್ಟು ಹೊರಡುತ್ತೇವೆ. ಇನ್ನೂ ಒಂದಿದೆ. ಬಟ್ಟೆ ಆರಿಸುವಾಗ ಮನುಷ್ಯ ಬಣ್ಣವನ್ನು ನಿಜವಾಗಿ ನೋಡುತ್ತಿರುತ್ತಾನೆ. ಈ ನೀಲಿ ನನಗೆ ಒಪ್ಪುತ್ತದಾ, ಈ ಅಂಚು ಸ್ವಲ್ಪ ದಪ್ಪ ಆಯಿತಾ ಅಂತ ಕಣ್ಣು ಚುರುಕಾಗಿ ಕೆಲಸ ಮಾಡುತ್ತಿರುತ್ತದೆ. ಅದೇ ಕಣ್ಣು ಅರ್ಧ ನಿಮಿಷ ಗೋಡೆಯ ಕಡೆ ತಿರುಗಿದರೆ ಚಿತ್ರಕ್ಕೆ ಅದಕ್ಕಿಂತ ಒಳ್ಳೆಯ ನೋಡುಗ ಸಿಗುವುದು ಕಷ್ಟ.

ಇನ್ನೊಂದು ಗುಂಪಿದೆ. ಅವರನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಟ್ರಯಲ್ ರೂಮಿನ ಹೊರಗೆ ಕಾಯುವವರು. ಗೆಳತಿಯ ಜೊತೆ ಬಂದವರು, ಅಮ್ಮನ ಜೊತೆ ಬಂದವರು, ಹೆಂಡತಿಯ ಜೊತೆ ಬಂದ ಗಂಡಂದಿರು. ಇಪ್ಪತ್ತು ನಿಮಿಷ ಅವರಿಗೆ ಮಾಡಲು ಏನೂ ಇರುವುದಿಲ್ಲ, ಫೋನ್ ತೆಗೆಯುತ್ತಾರೆ. ಅವರಿಗೊಂದು ಕುರ್ಚಿ ಹಾಕಿ, ಕುರ್ಚಿಯ ಮುಖ ಚಿತ್ರದ ಗೋಡೆಗೆ ಇರಲಿ. ಒಂದೇ ಚಿತ್ರವನ್ನು ಇಪ್ಪತ್ತು ನಿಮಿಷ ನೋಡುವವರು ಮ್ಯೂಸಿಯಂನಲ್ಲೂ ಜಾಸ್ತಿ ಸಿಗುವುದಿಲ್ಲ. ಅಂಗಡಿಯ ನಕ್ಷೆ ಹಾಕುವ ಪ್ರತಿಯೊಬ್ಬರಿಗೂ ನಾನು ಕೊಡುವ ಮೊದಲ ಸಲಹೆ ಇದು.

ಬಟ್ಟೆ ಅಂಗಡಿಗೂ ಕಲೆಗೂ ನಂಟು ಹೊಸದಲ್ಲ. ಪೂರ್ತಿ ಇತಿಹಾಸ ಹೇಳಲು ಹೋಗುವುದಿಲ್ಲ, ಇವತ್ತಿನ ನಮ್ಮ ಮಾತಿಗೆ ಬೇಕಾದ ನಾಲ್ಕೈದು ಸಂಗತಿ ಸಾಕು. 1913ರಲ್ಲಿ ಲಂಡನ್ನಿನ ಫಿಟ್ಜ್‌ರಾಯ್ ಸ್ಕ್ವೇರ್‌ನಲ್ಲಿ ರೋಜರ್ ಫ್ರೈ ಅನ್ನುವ ಚಿತ್ರಕಾರ, ವಿಮರ್ಶಕ ಒಮೆಗಾ ವರ್ಕ್‌ಶಾಪ್ಸ್ ಅನ್ನುವ ವಿನ್ಯಾಸದ ಕಾರ್ಯಾಗಾರ ಶುರು ಮಾಡಿದರು. ಚಿತ್ರಕಾರರಾದ ವನೆಸಾ ಬೆಲ್, ಡಂಕನ್ ಗ್ರಾಂಟ್ ಜೊತೆಗಿದ್ದರು. ಉದ್ದೇಶ ತುಂಬಾ ಸರಳ. ಚಿತ್ರ ಮಾರಿ ಬದುಕಲಾಗದ ಎಳೆಯ ಕಲಾವಿದರಿಗೆ ವಾರದಲ್ಲಿ ಕೆಲವು ದಿನ ಕೆಲಸ, ಖಚಿತವಾದ ಕೂಲಿ. ಬಟ್ಟೆ, ಪರದೆ, ಮೇಜು, ಪಿಂಗಾಣಿ ಎಲ್ಲದರ ಮೇಲೂ ಅವರು ಬಣ್ಣ ಹಾಕಿದರು, ವಿನ್ಯಾಸ ಮಾಡಿದರು. 1915ರಲ್ಲಿ ವನೆಸಾ ಬೆಲ್ ಮುಂದೆ ನಿಂತು ಉಡುಪು ಹೊಲಿಸುವುದನ್ನೂ ಸೇರಿಸಿದರು. ಎಷ್ಟು ಚೆನ್ನಾಗಿದೆ ಅಲ್ವಾ? ಆದರೆ ಅಲ್ಲಿ ಯಾರೂ ತಮ್ಮ ಕೆಲಸದ ಮೇಲೆ ಸಹಿ ಹಾಕುವ ಹಾಗಿರಲಿಲ್ಲ. ಎಲ್ಲದರ ಮೇಲೂ ಒಮೆಗಾ ಗುರುತು ಮಾತ್ರ. ಶುರುವಾದ ಕೆಲವೇ ತಿಂಗಳಲ್ಲಿ ಒಂದು ಪ್ರದರ್ಶನದ ಕೆಲಸ ನಿಜಕ್ಕೂ ಯಾರಿಗೆ ಬಂದದ್ದು ಅನ್ನುವುದರ ಮೇಲೆ ಜಗಳ ಹತ್ತಿ, ಚಿತ್ರಕಾರ ವಿಂಡಮ್ ಲೂಯಿಸ್ ಮತ್ತು ಇನ್ನೂ ಕೆಲವರು ಬಿಟ್ಟು ಹೋದರು. 1919ರಲ್ಲಿ ಒಮೆಗಾ ಮುಚ್ಚಿತು. ಮುಚ್ಚಲು ಯುದ್ಧ, ಹಣ ಎಲ್ಲ ಕಾರಣಗಳೂ ಇದ್ದವು, ಜಗಳ ಒಂದರಿಂದಲೇ ಅಂತ ನಾನು ಹೇಳುತ್ತಿಲ್ಲ. ಆದರೂ ಹೆಸರು ಯಾರದು, ಕೆಲಸ ಯಾರದು ಅನ್ನುವ ಪ್ರಶ್ನೆ ಮೊದಲ ವರ್ಷದಲ್ಲೇ ಎದ್ದಿತು. ಇವತ್ತಿಗೂ ಇಂಥ ಅಂಗಡಿಗಳಲ್ಲಿ ಮನಸ್ತಾಪ ಶುರುವಾಗುವುದು ಅಲ್ಲೇ.

ಚಿತ್ರಕಾರ್ತಿ ಸೋನಿಯಾ ಡೆಲೋನೆ ಅವರ ಕಥೆ ನನಗೆ ಇದಕ್ಕಿಂತ ಇಷ್ಟ. 1917ರ ಕ್ರಾಂತಿಯ ನಂತರ ರಷ್ಯಾದಿಂದ ಬರುತ್ತಿದ್ದ ಕುಟುಂಬದ ಹಣ ನಿಂತುಹೋಯಿತು. ಹಣ ಬೇಕಿತ್ತು. 1918ರಲ್ಲಿ ಮ್ಯಾಡ್ರಿಡ್‌ನಲ್ಲಿ ಕಾಸಾ ಸೋನಿಯಾ ಅನ್ನುವ ಅಂಗಡಿ ತೆರೆದರು. 1925ರಲ್ಲಿ ಪ್ಯಾರಿಸ್‌ನ ಅಲಂಕಾರಿಕ ಕಲೆಗಳ ದೊಡ್ಡ ಪ್ರದರ್ಶನದಲ್ಲಿ ಉಡುಪು ವಿನ್ಯಾಸಕ ಜಾಕ್ ಹೈಮ್ ಜೊತೆ ಸೇರಿ ಮಳಿಗೆ ಹಾಕಿದರು. ಕ್ಯಾನ್ವಾಸಿನ ಮೇಲೆ ಯಾವ ಬಣ್ಣದ ಚೌಕ, ವೃತ್ತ ಬರೆಯುತ್ತಿದ್ದರೋ ಅವೇ ಕೋಟಿನ ಮೇಲೂ ಬಂದವು. ಬಟ್ಟೆ ಮಾರಿದ್ದರಿಂದ ಅವರ ಚಿತ್ರದ ಮಾನ ಕಡಿಮೆಯಾಯಿತಾ? 1964ರಲ್ಲಿ ಲೂವ್ರ್ ಮ್ಯೂಸಿಯಂನಲ್ಲಿ ಅವರ ಕೆಲಸದ ದೊಡ್ಡ ಪ್ರದರ್ಶನ ನಡೆಯಿತು, ಬದುಕಿರುವಾಗಲೇ ಅಂಥ ಗೌರವ ಪಡೆದ ಮೊದಲ ಮಹಿಳೆ ಅವರು. ಅಂಗಡಿಯಲ್ಲಿಟ್ಟರೆ ಕಲೆ ಅಗ್ಗವಾಗುತ್ತದೆ ಅನ್ನುವವರಿಗೆ ನಾನು ಯಾವಾಗಲೂ ಇವರ ಹೆಸರೇ ಹೇಳುವುದು.

ಆದರೆ ಆ ಅಳುಕು ಕಲಾವಿದರಲ್ಲೂ ಇತ್ತು. ನ್ಯೂಯಾರ್ಕಿನಲ್ಲಿ ಬಾನ್‌ವಿಟ್ ಟೆಲ್ಲರ್ ಅಂತ ಒಂದು ದೊಡ್ಡ ಉಡುಪಿನ ಮಳಿಗೆ ಇತ್ತು. ಅದರ ಕಿಟಕಿಯ ಡಿಸ್‌ಪ್ಲೇ ನೋಡಿಕೊಳ್ಳುತ್ತಿದ್ದ ಜೀನ್ ಮೂರ್ ಎಳೆಯ ಕಲಾವಿದರಿಗೆ ಕೆಲಸ ಕೊಡುತ್ತಿದ್ದರು. 1950ರ ದಶಕದಲ್ಲಿ, ಮುಂದೆ ದೊಡ್ಡ ಹೆಸರು ಮಾಡಿದ ಚಿತ್ರಕಾರರಾದ ಜಾಸ್ಪರ್ ಜಾನ್ಸ್ ಮತ್ತು ರಾಬರ್ಟ್ ರೌಶೆನ್‌ಬರ್ಗ್ ಹೊಟ್ಟೆಪಾಡಿಗೆ ಅಲ್ಲಿ ಕಿಟಕಿ ಅಲಂಕರಿಸುತ್ತಿದ್ದರು, ಅದೂ ಮ್ಯಾಟ್ಸನ್ ಜೋನ್ಸ್ ಅನ್ನುವ ಬೇರೆ ಹೆಸರಿನಲ್ಲಿ. ತಮ್ಮ ಗಂಭೀರ ಕೆಲಸಕ್ಕೆ ಇದು ಅಂಟಿಕೊಳ್ಳಬಾರದು ಅಂತ. 1961ರ ಏಪ್ರಿಲ್‌ನಲ್ಲಿ ಚಿತ್ರಕಾರ ಆಂಡಿ ವಾರ್ಹಾಲ್ ಅದೇ ಮಳಿಗೆಯ ಕಿಟಕಿಯಲ್ಲಿ, ಉಡುಪು ತೊಟ್ಟ ಬೊಂಬೆಗಳ ಹಿಂದೆ, ತಮ್ಮ ಐದು ಚಿತ್ರ ಇಟ್ಟರು. ಅವರ ಸೂಪ್ ಡಬ್ಬಿಯ ಚಿತ್ರಗಳು ಲಾಸ್ ಏಂಜಲೀಸ್‌ನ ಗ್ಯಾಲರಿಯಲ್ಲಿ ಪ್ರದರ್ಶನವಾಗುವುದಕ್ಕೆ ಒಂದು ವರ್ಷಕ್ಕೂ ಮುಂಚಿನ ಮಾತು ಇದು. ರಸ್ತೆಯಲ್ಲಿ ಹೋಗುವವರು ಕಿಟಕಿಯ ಆ ಐದು ಚಿತ್ರಗಳನ್ನು ಗ್ಯಾಲರಿಯವರಿಗಿಂತ ಮೊದಲು ನೋಡಿದರು.

ಅದೇ ಮಳಿಗೆಯ ಇನ್ನೊಂದು ಘಟನೆಯನ್ನು ಅಂಗಡಿ ಇಟ್ಟವರೆಲ್ಲ ತಿಳಿದಿರಬೇಕು. 1939ರಲ್ಲಿ ಸ್ಪೇನಿನ ಕಲಾವಿದ ಸಾಲ್ವಡೊರ್ ಡಾಲಿ ಅಲ್ಲಿ ಒಂದು ಕಿಟಕಿ ಸಜ್ಜು ಮಾಡಿದರು. ಒಳಗೆ ತುಪ್ಪಳ ಹೊದೆಸಿದ ಸ್ನಾನದ ತೊಟ್ಟಿಯೂ ಇತ್ತು. ನೋಡಿದವರು ಗೊಣಗಿದರು ಅಂತ ಮಳಿಗೆಯವರು ಡಾಲಿಯನ್ನು ಕೇಳದೆ ಒಳಗಿನ ಬೊಂಬೆಗಳನ್ನು ಬದಲಾಯಿಸಿಬಿಟ್ಟರು. ಅದನ್ನು ಕಂಡು ಡಾಲಿ ಸಿಟ್ಟಿನಿಂದ ಕಿಟಕಿಯೊಳಗೆ ನುಗ್ಗಿ ತೊಟ್ಟಿಯನ್ನು ಎಳೆದಾಡುವಾಗ ಅದು ಗಾಜು ಒಡೆದುಕೊಂಡು ಹೊರಗೆ ಬಂತು, ಅವರೂ ಜೊತೆಗೇ ಬಂದರು, ಪೊಲೀಸರು ಹಿಡಿದುಕೊಂಡು ಹೋದರು. ಎಲ್ಲ ಕಲಾವಿದರೂ ಗಾಜು ಒಡೆಯುವುದಿಲ್ಲ. ಬಹಳ ಜನ ಏನೂ ಹೇಳದೆ ಚಿತ್ರ ಇಳಿಸಿಕೊಂಡು ಹೋಗಿಬಿಡುತ್ತಾರೆ, ಮತ್ತೆ ಬರುವುದಿಲ್ಲ. ಹಬ್ಬದ ಸ್ಟಾಕ್ ಬಂತು ಅಂತ ಚಿತ್ರವನ್ನು ಪಕ್ಕದ ಮೂಲೆಗೆ ಸರಿಸುವಾಗ, ಅದರ ಮುಂದೆ ಒಂದು ಸ್ಟ್ಯಾಂಡ್ ಇಡುವಾಗ, ಒಂದು ಫೋನ್ ಮಾಡಿ ಕೇಳಿ. ಅಷ್ಟು ಸಾಕು.

ಈಗ ಹಣದ ಮಾತು. ನಾನು ಇಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಒಳ್ಳೆಯ ಮನಸ್ಸಿನ ಅಂಗಡಿಯವರೂ ಎಡವುವುದು ಇಲ್ಲೇ.

ಬಟ್ಟೆಯ ವ್ಯಾಪಾರದಲ್ಲಿ ಹಣ ಮೊದಲೇ ಸಿಕ್ಕಿಹಾಕಿಕೊಳ್ಳುತ್ತದೆ. ಮುಂದಿನ ಋತುವಿನ ಸರಕಿಗೆ ತಿಂಗಳುಗಟ್ಟಲೆ ಮುಂಚೆ ಆರ್ಡರ್ ಕೊಡಬೇಕು, ಕನಿಷ್ಠ ಇಷ್ಟು ಪೀಸ್ ಅಂತ ಷರತ್ತು ಇರುತ್ತದೆ, ಎಲ್ಲ ಸೈಜೂ ತರಬೇಕು, ಕೊನೆಗೆ ಯಾವುದೋ ಎರಡು ಸೈಜ್ ಉಳಿದುಬಿಡುತ್ತದೆ. ಚಿತ್ರದ ವಿಷಯ ಹಾಗಲ್ಲ. ಸಾಮಾನ್ಯವಾಗಿ ಅದು ಕನ್ಸೈನ್‌ಮೆಂಟ್ ಮೇಲೆ ಬರುತ್ತದೆ. ಅಂದರೆ ಮಾರಾಟವಾಗುವವರೆಗೂ ಚಿತ್ರ ಕಲಾವಿದರದ್ದೇ, ಮಾರಿದ ಮೇಲೆ ಅಂಗಡಿ ತನ್ನ ಪಾಲು ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತದೆ. ಅಂಗಡಿಯ ಒಂದು ಪೈಸೆಯೂ ಮುಂಚೆ ಹೋಗುವುದಿಲ್ಲ. ಒಳ್ಳೆಯ ಪದ್ಧತಿ, ಸಣ್ಣ ಅಂಗಡಿಗೆ ಇದಿಲ್ಲದೆ ಆಗುವುದೂ ಇಲ್ಲ. ಆದರೆ ಇದರಲ್ಲಿ ಒಂದು ಅಪಾಯ ಇದೆ. ತನ್ನ ಹಣ ಹಾಕಿ ತಂದ ಅಂಗಿಯನ್ನು ಅಂಗಡಿಯವರು ಗಿರಾಕಿಯ ಮುಂದೆ ಬಿಡಿಸಿ ತೋರಿಸುತ್ತಾರೆ, ಅದರ ನೂಲಿನ ಬಗ್ಗೆ ಎರಡು ಮಾತಾಡುತ್ತಾರೆ. ಹಣ ಹಾಕದ ಚಿತ್ರ ಗೋಡೆಯಲ್ಲಿ ತನ್ನಷ್ಟಕ್ಕೆ ಇರುತ್ತದೆ. ಮಾರದಿದ್ದರೂ ತನಗೇನೂ ನಷ್ಟವಿಲ್ಲ ಅನ್ನುವ ಜಾಗದಲ್ಲಿ ಶ್ರಮ ಕಡಿಮೆಯಾಗುವುದು ಮನುಷ್ಯ ಸಹಜ. ಅದಕ್ಕೇ ನಾನು ಹೇಳುವುದು, ಪ್ರತಿ ಪ್ರದರ್ಶನದಲ್ಲೂ ಒಂದಾದರೂ ಕೆಲಸವನ್ನು ಅಂಗಡಿ ತಾನೇ ದುಡ್ಡು ಕೊಟ್ಟು ಕೊಳ್ಳಲಿ. ದೊಡ್ಡದು ಬೇಡ, ಒಂದು ಸಣ್ಣ ಪ್ರಿಂಟ್ ಆದರೂ ಸರಿ. ಅದರಿಂದ ಕಲಾವಿದರ ಜೊತೆಗಿನ ಮಾತಿನ ಧಾಟಿಯೇ ಬದಲಾಗುತ್ತದೆ.

ಕಮಿಷನ್ ಎಷ್ಟು? ಗ್ಯಾಲರಿಗಳಲ್ಲಿ ಅರ್ಧಕ್ಕರ್ಧ ತೆಗೆದುಕೊಳ್ಳುವುದು ಸಾಮಾನ್ಯ. ಅದಕ್ಕೆ ಪ್ರತಿಯಾಗಿ ಅವರು ಕ್ಯಾಟಲಾಗ್ ಮಾಡುತ್ತಾರೆ, ಸಂಗ್ರಾಹಕರನ್ನು ಕರೆಸುತ್ತಾರೆ, ವರ್ಷಗಟ್ಟಲೆ ಕಲಾವಿದರ ಬೆನ್ನಿಗೆ ನಿಲ್ಲುತ್ತಾರೆ. ಬಟ್ಟೆ ಅಂಗಡಿ ಅಷ್ಟು ಮಾಡುವುದಿಲ್ಲ, ಹಾಗಾಗಿ ಅಷ್ಟು ಕೇಳಬಾರದು. ಗೋಡೆ, ದೀಪ, ಬಿಲ್ಲಿಂಗ್, ಪ್ಯಾಕಿಂಗ್ ಇಷ್ಟನ್ನು ಕೊಡುವ ಅಂಗಡಿಗೆ ನನ್ನ ಪ್ರಕಾರ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕೇಳುವ ಹಕ್ಕಿಲ್ಲ. ಪ್ರಚಾರ ಸಿಗುತ್ತದಲ್ಲ, ಅದೇ ಸಂಭಾವನೆ ಅನ್ನುವ ಮಾತು ಮಾತ್ರ ದಯವಿಟ್ಟು ಬೇಡ. ಹ್ಯಾಂಗರ್ ಮಾರುವವರಿಗೆ ನಾವು ಹಾಗೆ ಹೇಳುವುದಿಲ್ಲ.

ಕಾಗದದ ಮೇಲೆ ಬರೆದುಕೊಳ್ಳಿ. ಗೆಳೆಯರಾಗಿದ್ದರೂ ಬರೆದುಕೊಳ್ಳಿ, ಗೆಳೆಯರಾಗಿದ್ದರೆ ಇನ್ನೂ ಅಗತ್ಯ. ಯಾವ ಕೆಲಸ, ಎಷ್ಟು ಅಳತೆ, ಬಂದಾಗ ಯಾವ ಸ್ಥಿತಿಯಲ್ಲಿತ್ತು, ಬೆಲೆ ಎಷ್ಟು, ಯಾವತ್ತಿನವರೆಗೆ ಇರುತ್ತದೆ, ಮಾರಿದ ಎಷ್ಟು ದಿನಕ್ಕೆ ಹಣ ಕೈಗೆ ಸೇರಬೇಕು, ಕಳುವಾದರೆ ಅಥವಾ ಹರಿದರೆ ಯಾರು ತುಂಬಿಕೊಡಬೇಕು, ತಂದು ಹಾಕುವ ಖರ್ಚು ಯಾರದು, ವಾಪಸ್ ಒಯ್ಯುವ ಖರ್ಚು ಯಾರದು. ಒಂದು ಪುಟ ಆಗುತ್ತದೆ. ಎರಡೂ ಕಡೆ ಸಹಿ ಇರಲಿ, ಕೆಲಸದ ಫೋಟೊ ಇರಲಿ. ಅಂಗಡಿಯ ವಿಮೆ ಸಾಮಾನ್ಯವಾಗಿ ಅಂಗಡಿಯ ಸ್ವಂತ ಸರಕಿಗೆ ಅಂತ ಮಾಡಿಸಿದ್ದು. ಬೇರೆಯವರ ಚಿತ್ರಕ್ಕೂ ಅದು ಅನ್ವಯಿಸುತ್ತದಾ ಅಂತ ಪಾಲಿಸಿ ತೆಗೆದು ಓದಬೇಕು.

ಇನ್ನೆರಡು ವಿಷಯ ಬಟ್ಟೆ ಅಂಗಡಿಗೇ ಸೇರಿದ್ದು. ಮೊದಲನೆಯದು ಸೇಲ್. ಋತುವಿನ ಕೊನೆಗೆ ಬಾಗಿಲಿಗೆ ಅರ್ಧ ಬೆಲೆ ಅಂತ ಬೋರ್ಡ್ ಬೀಳುತ್ತದೆ. ಗಿರಾಕಿ ಗೋಡೆ ತೋರಿಸಿ, ಇದಕ್ಕೂ ಅರ್ಧವಾ ಅಂತ ಕೇಳುತ್ತಾರೆ. ಇಲ್ಲ ಅನ್ನಬೇಕು. ಅಂಗಿಗೆ ಕಾಲ ಮುಗಿಯುತ್ತದೆ, ಚಿತ್ರಕ್ಕೆ ಮುಗಿಯುವುದಿಲ್ಲ. ಒಮ್ಮೆ ಅರ್ಧಕ್ಕೆ ಮಾರಿದರೆ ಹೋದ ತಿಂಗಳು ಪೂರ್ತಿ ಹಣ ಕೊಟ್ಟವರಿಗೂ ಮೋಸ, ಕಲಾವಿದರ ಮುಂದಿನ ಎಲ್ಲ ಕೆಲಸದ ಬೆಲೆಯೂ ಕುಸಿಯುತ್ತದೆ. ಅದೇ ರೀತಿ ಕಲಾವಿದರೂ ಅಂಗಡಿಯಲ್ಲಿ ಒಂದು ಬೆಲೆ, ತಮ್ಮ ಸ್ಟುಡಿಯೊದಲ್ಲಿ ಅದಕ್ಕಿಂತ ಕಡಿಮೆ ಬೆಲೆ ಇಡಬಾರದು. ಅಂಗಡಿ ಗಿರಾಕಿಯನ್ನು ಹುಡುಕಿಕೊಟ್ಟ ಮೇಲೆ ಆ ಗಿರಾಕಿಗೆ ಹಿಂದಿನ ಬಾಗಿಲಿಂದ ಮಾರುವುದು ಸರಿಯಲ್ಲ.

ಎರಡನೆಯದು ಹಕ್ಕು. ಚಿತ್ರ ಕೊಂಡವರಿಗೆ ಆ ಚಿತ್ರ ಸಿಗುತ್ತದೆ, ಅದನ್ನು ಅಚ್ಚು ಹಾಕುವ ಹಕ್ಕು ಸಿಗುವುದಿಲ್ಲ. ಕಾಪಿರೈಟ್ ಕಲಾವಿದರ ಹತ್ತಿರವೇ ಉಳಿಯುತ್ತದೆ, ಅವರು ಬರೆದುಕೊಟ್ಟರೆ ಮಾತ್ರ ಬೇರೆಯವರಿಗೆ ಹೋಗುತ್ತದೆ. ಬಟ್ಟೆ ಅಂಗಡಿಯಲ್ಲಿ ಇದು ದಿನಾ ಬರುವ ಮಾತು. ಈ ಹಕ್ಕಿಯ ಚಿತ್ರ ಎಷ್ಟು ಚೆನ್ನಾಗಿದೆ, ಇದನ್ನೇ ಒಂದು ದುಪಟ್ಟಾ ಮೇಲೆ, ಒಂದು ಕೈಚೀಲದ ಮೇಲೆ ಹಾಕಿಸಿದರೆ? ಹಾಕಿಸಿ, ತುಂಬಾ ಒಳ್ಳೆಯದು. ಆದರೆ ಅದು ಬೇರೆಯೇ ಒಪ್ಪಂದ. ಎಷ್ಟು ಪೀಸ್, ಪ್ರತಿ ಪೀಸಿಗೆ ಎಷ್ಟು ರಾಯಲ್ಟಿ, ಹೆಸರು ಎಲ್ಲಿ ಬರುತ್ತದೆ ಎಲ್ಲ ಬೇರೆಯಾಗಿ ಬರೆದುಕೊಳ್ಳಬೇಕು. ಅಮೆರಿಕದ ಚಿತ್ರಕಾರ ಕೀತ್ ಹೇರಿಂಗ್ 1986ರಲ್ಲಿ ನ್ಯೂಯಾರ್ಕಿನ ಲಫಾಯೆಟ್ ಬೀದಿಯಲ್ಲಿ ಪಾಪ್ ಶಾಪ್ ತೆರೆದು ತಮ್ಮ ಚಿತ್ರಗಳನ್ನು ಟೀ ಶರ್ಟ್, ಬ್ಯಾಡ್ಜ್, ಪೋಸ್ಟರ್ ಮೇಲೆ ಮಾರಿದರು. ಮಕ್ಕಳ ಕೈಗೂ ಎಟುಕಬೇಕು ಅನ್ನುವುದು ಅವರ ಆಸೆ. ಕಲೆಯನ್ನು ವ್ಯಾಪಾರ ಮಾಡಿದರು ಅಂತ ಬೈಸಿಕೊಂಡರು, ಆದರೂ ಅಂಗಡಿ ಅವರ ಸಾವಿನ ನಂತರವೂ 2005ರವರೆಗೆ ನಡೆಯಿತು. ಅಲ್ಲಿ ಯಾವುದರ ಮೇಲೆ ಯಾವ ಚಿತ್ರ ಅಚ್ಚಾಗಬೇಕು ಅಂತ ತೀರ್ಮಾನ ಮಾಡಿದ್ದು ಚಿತ್ರ ಬರೆದವರೇ. ನನಗೆ ಆ ಅಂಗಡಿಯ ಮೇಲೆ ಗೌರವ ಬರಲು ಇದೇ ಕಾರಣ.

ಇನ್ನು ಬೆಳಕು. ಬಟ್ಟೆಗೂ ಚಿತ್ರಕ್ಕೂ ಶತ್ರುಗಳು ಒಂದೇ: ಬಿಸಿಲು, ಧೂಳು, ತೇವ, ಹುಳ. ಕಿಟಕಿಯ ಬೊಂಬೆಗೆ ಹಾಕಿದ ಬಟ್ಟೆಯ ಭುಜ ಬಿಳಿಚಿಕೊಳ್ಳುವುದನ್ನು ನೀವೆಲ್ಲ ನೋಡಿದ್ದೀರಿ. ಕಾಗದದ ಮೇಲಿನ ಜಲವರ್ಣಕ್ಕೂ ಅದೇ ಗತಿ. ಬೆಳಕನ್ನು ಲಕ್ಸ್ ಅನ್ನುವ ಮಾನದಲ್ಲಿ ಅಳೆಯುತ್ತಾರೆ. ಮ್ಯೂಸಿಯಂಗಳು ಬಟ್ಟೆಗೂ ಜಲವರ್ಣಕ್ಕೂ 50 ಲಕ್ಸ್ ಬೆಳಕು ಸಾಕು ಅನ್ನುತ್ತವೆ, ತೈಲವರ್ಣಕ್ಕೆ 200 ಲಕ್ಸ್‌ವರೆಗೆ ಒಪ್ಪುತ್ತವೆ. ನೇರ ಬಿಸಿಲು ಒಂದು ಲಕ್ಷ ಲಕ್ಸ್‌ವರೆಗೂ ಹೋಗುತ್ತದೆ. ಅಂಗಡಿಯನ್ನು ಮ್ಯೂಸಿಯಂನಷ್ಟು ಮಬ್ಬಾಗಿ ಇಡಲು ಆಗುವುದಿಲ್ಲ, ಸರಿ. ಆದರೆ ಬಿಸಿಲು ಬೀಳುವ ಗೋಡೆಗೆ ಕಾಗದದ ಕೆಲಸ ಹಾಕದೆ ಇರಬಹುದು, ಆರೇಳು ವಾರಕ್ಕೊಮ್ಮೆ ಬದಲಾಯಿಸಬಹುದು. ಬೆಳಕಿಗೆ ಬಣ್ಣ ಎಷ್ಟು ಬೇಗ ಮಾಸುತ್ತದೆ ಅಂತ ತಿಳಿಯಲು ಬ್ಲೂ ವೂಲ್ ಅನ್ನುವ ಅಳತೆ ಪಟ್ಟಿ ಇದೆ. ಬೇಗ ಮಾಸುವ 1ರಿಂದ ಗಟ್ಟಿಯಾಗಿ ನಿಲ್ಲುವ 8ರವರೆಗೆ ನೀಲಿ ಉಣ್ಣೆಯ ಎಂಟು ತುಂಡು. ಬಟ್ಟೆಯ ಬಣ್ಣ ಪರೀಕ್ಷೆ ಮಾಡುವವರೂ ಅದನ್ನೇ ಬಳಸುತ್ತಾರೆ, ಮ್ಯೂಸಿಯಂನವರೂ ಅದನ್ನೇ ಬಳಸುತ್ತಾರೆ. ಒಂದು ಪಟ್ಟಿ ತಂದು ಅರ್ಧ ಮುಚ್ಚಿ ಗೋಡೆಗೆ ಅಂಟಿಸಿ, ನಿಮ್ಮ ಗೋಡೆಯ ಬೆಳಕು ಎಂಥದ್ದು ಅಂತ ಕೆಲವು ತಿಂಗಳಲ್ಲಿ ಅದೇ ಹೇಳುತ್ತದೆ. ಬಟ್ಟೆಯ ಸುಕ್ಕು ತೆಗೆಯುವ ಸ್ಟೀಮರ್ ಚಿತ್ರದ ಹತ್ತಿರ ಬೇಡ. ಆವಿಗೆ ಕಾಗದ ಅಲೆಯಲೆಯಾಗಿ ಏಳುತ್ತದೆ.

ದೀಪ ಕೊಳ್ಳುವಾಗ ಎಷ್ಟು ವ್ಯಾಟ್ ಅಂತ ಮಾತ್ರ ನೋಡಬೇಡಿ, ಸಿಆರ್‌ಐ ನೋಡಿ. ಬಣ್ಣವನ್ನು ದೀಪ ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಳತೆ ಅದು. 90ಕ್ಕಿಂತ ಮೇಲಿದ್ದರೆ ಚಿತ್ರಕ್ಕೂ ಒಳ್ಳೆಯದು, ಬಟ್ಟೆಗೂ ಒಳ್ಳೆಯದು. ಅಂಗಡಿಯಲ್ಲಿ ಕಪ್ಪಾಗಿ ಕಂಡ ಪ್ಯಾಂಟ್ ಮನೆಗೆ ಹೋದ ಮೇಲೆ ಕಡುನೀಲಿ ಅಂತ ಗೊತ್ತಾಗಿ ವಾಪಸ್ ಬರುವುದೂ ಕಡಿಮೆಯಾಗುತ್ತದೆ.

ತೂಗುಹಾಕುವ ಎತ್ತರದಲ್ಲಿ ಬಟ್ಟೆ ಅಂಗಡಿಗೆ ತನ್ನದೇ ಕಷ್ಟ ಇದೆ. ಗ್ಯಾಲರಿಗಳಲ್ಲಿ ಚಿತ್ರದ ನಡುಭಾಗ ನೆಲದಿಂದ ಸುಮಾರು 145ರಿಂದ 150 ಸೆಂಟಿಮೀಟರ್ ಎತ್ತರಕ್ಕೆ ಬರುವ ಹಾಗೆ ಹಾಕುತ್ತಾರೆ, ಕಣ್ಣಿನ ಎತ್ತರ. ಬಟ್ಟೆ ಅಂಗಡಿಯಲ್ಲಿ ಆ ಎತ್ತರ ಪೂರ್ತಿ ರ‍್ಯಾಕಿನದ್ದು. ಆಗ ಚಿತ್ರ ಮೇಲಕ್ಕೆ ಹೋಗುತ್ತದೆ, ಕತ್ತೆತ್ತಿದರೆ ಕಾಣುತ್ತದೆ, ಯಾರೂ ಕತ್ತೆತ್ತುವುದಿಲ್ಲ. ಹತ್ತು ಚಿತ್ರವನ್ನು ರ‍್ಯಾಕಿನ ಮೇಲೆ ಸಾಲಾಗಿ ಹಾಕುವುದಕ್ಕಿಂತ ಒಂದು ಗೋಡೆಯನ್ನು ಪೂರ್ತಿ ಖಾಲಿ ಮಾಡಿ ಮೂರು ಚಿತ್ರ ಹಾಕುವುದು ಎಷ್ಟೋ ವಾಸಿ. ಅಷ್ಟು ಜಾಗ ಬಿಟ್ಟರೆ ಬಾಡಿಗೆ ಗಿಟ್ಟುತ್ತದಾ ಅಂತ ಕೇಳುತ್ತಾರೆ. ಕಷ್ಟದ ಪ್ರಶ್ನೆಯೇ. ಆದರೆ ಆ ಗೋಡೆಯನ್ನು ಒಂದು ರ‍್ಯಾಕ್ ಅಂತಲೇ ಲೆಕ್ಕ ಹಾಕಿ, ಅದರ ಮೀಟರಿಗೆ ಎಷ್ಟು ಮಾರಾಟವಾಗಬೇಕು ಅಂತ ಗುರಿ ಇಡಿ. ಗುರಿ ಇಟ್ಟ ದಿನ ಅಂಗಡಿಯ ಹುಡುಗಿಯರು ಕಲಾವಿದರ ಹೆಸರು ಕಲಿಯುತ್ತಾರೆ, ಲಿನೋಕಟ್ (ಲಿನೋಲಿಯಂ ಹಾಳೆ ಕೆತ್ತಿ ತೆಗೆದ ಅಚ್ಚು) ಅಂದರೇನು, ಮೂಲೆಯಲ್ಲಿ 4/25 ಅಂತ ಯಾಕೆ ಬರೆದಿದೆ ಅಂತ ಗಿರಾಕಿಗೆ ಹೇಳಲು ಶುರು ಮಾಡುತ್ತಾರೆ. ಇಪ್ಪತ್ತೈದೇ ಪ್ರತಿ, ಇದು ನಾಲ್ಕನೆಯದು. ಇಷ್ಟು ಗೊತ್ತಾದರೆ ಕೊಳ್ಳುವವರ ಕಣ್ಣು ಬೇರೆಯೇ ಆಗುತ್ತದೆ.

ಒಂದು ಅಹಿತವಾದ ವಿಷಯವನ್ನೂ ಹೇಳಬೇಕು. ಕಲಾವಿದರು ಬಂದ ಬೀದಿಗೆ ಅಂಗಡಿಗಳು ಬರುತ್ತವೆ, ಅಂಗಡಿಗಳು ಬಂದ ಬೀದಿಯಲ್ಲಿ ಬಾಡಿಗೆ ಏರುತ್ತದೆ. ನ್ಯೂಯಾರ್ಕಿನ ಸೋಹೊ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. 1960ರ ದಶಕದಲ್ಲಿ ಖಾಲಿ ಬಿದ್ದ ಕಾರ್ಖಾನೆ ಮಹಡಿಗಳಿಗೆ ಕಲಾವಿದರು ಬಂದರು, 1971ರಲ್ಲಿ ಅವರು ಅಲ್ಲೇ ವಾಸ ಮಾಡುವುದಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿತು, 1990ರ ದಶಕಕ್ಕೆ ಬಾಡಿಗೆ ಏರಿ ಗ್ಯಾಲರಿಗಳೇ ಜಾಗ ಬಿಟ್ಟು ಅದೇ ಊರಿನ ಚೆಲ್ಸಿ ಬಡಾವಣೆಗೆ ಹೊರಟವು, ಅವು ಬಿಟ್ಟ ಜಾಗಕ್ಕೆ ದೊಡ್ಡ ಬಟ್ಟೆ ಅಂಗಡಿಗಳು ಬಂದವು. ಒಂದು ಸಣ್ಣ ಬೊಟಿಕ್ ಇದನ್ನೆಲ್ಲ ತಡೆಯಲು ಆಗುವುದಿಲ್ಲ. ಆದರೆ ಬೀದಿಗೆ ಬಂದ ಹಣದಲ್ಲಿ ಒಂದು ಪಾಲು ಆ ಬೀದಿಯಲ್ಲೇ ಚಿತ್ರ ಬರೆಯುವವರ ಕೈಗೆ ಹೋಗುವ ಹಾಗೆ ಮಾಡುವುದು ಅದರ ಕೈಯಲ್ಲೇ ಇದೆ. ಕಲಾವಿದರ ಹೆಸರಿನಿಂದ ಬೀದಿಗೆ ಕಳೆ ಬಂದು, ಆ ಕಳೆಯ ಲಾಭ ಬೇರೆಯವರಿಗೇ ಹೋಗುವುದು ನನಗೆ ಸಹಿಸಲಾಗದ ಸಂಗತಿ.

ಕೊನೆಗೆ ಒಬ್ಬರು ಎದ್ದು ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸುತ್ತೇನೆ. ಬಟ್ಟೆಗೆ ಹೊಂದುವ ಚಿತ್ರಗಳನ್ನೇ ಆರಿಸಬೇಕಾ ಅಂತ ಅವರು ಕೇಳಿದರು. ನಾನು ಬೇಡ ಅಂದೆ. ಸೋಫಾದ ಬಣ್ಣ ನೋಡಿ ಚಿತ್ರ ಕೊಳ್ಳುವವರು ಇದ್ದೇ ಇರುತ್ತಾರೆ, ಅವರಿಗೆ ಬೇಕಾದಷ್ಟು ಜಾಗ ಇದೆ. ನಿಮ್ಮ ಬಟ್ಟೆ ತಿಳಿಬಣ್ಣದ್ದಾದರೆ ಗೋಡೆಯಲ್ಲಿ ಕಪ್ಪು ಬಿಳುಪಿನ ಒರಟು ಮರಕೆತ್ತನೆಯ ಅಚ್ಚು ಇರಲಿ, ಕಾರ್ಮಿಕರ ಕೈಗಳ ಫೋಟೊ ಇರಲಿ, ಏನೂ ಅರ್ಥವಾಗದ ಗೆರೆಗಳಿರಲಿ. ಒಬ್ಬಿಬ್ಬರು ಮುಖ ಕಿವುಚುತ್ತಾರೆ. ಅವರಿಗೆ ಕಲಾವಿದರು ಇಂಥ ದಿನ ಸಂಜೆ ಅಂಗಡಿಯಲ್ಲೇ ಇರುತ್ತಾರೆ, ಬಂದು ನೀವೇ ಕೇಳಿ ಅಂತ ಹೇಳಿ. ಅವರಲ್ಲಿ ಕೆಲವರಾದರೂ ಬರುತ್ತಾರೆ.